ಒಂದು ರೂಪಾಯಿಯಷ್ಟು ನೋವು

ಇಪ್ಪತ್ತೆರಡು ಸೆಕೆಂಡ್‌ಗೆ ನನ್ನ ಕೆಲಸ ಹೋಯಿತು. ಪೊಲೀಸ್ ಕಾನ್‌ಸ್ಟೆಬಲ್ ಲಿಖಿತ ಪರೀಕ್ಷೆ ದಾಟಿ ದೈಹಿಕ ಪರೀಕ್ಷೆಗೆ ಹೋದವರಿಗೆ ಗೊತ್ತು, ಗಂಡುಮಕ್ಕಳು 1600 ಮೀಟರನ್ನು 6 ನಿಮಿಷ 30 ಸೆಕೆಂಡ್ ಒಳಗೆ ಮುಗಿಸಬೇಕು. 400 ಮೀಟರ್ ಟ್ರ್ಯಾಕ್‌ನಲ್ಲಿ ನಾಲ್ಕು ಸುತ್ತು, ಸುತ್ತಿಗೆ 97 ಸೆಕೆಂಡ್ ಚಿಲ್ಲರೆ. ಮಂಡ್ಯ ಕಡೆಯ ನಮ್ಮೂರಿನ ರಸ್ತೆಯಲ್ಲಿ ನಾನು ಅಷ್ಟೇ ದೂರವನ್ನು ಆರು ನಿಮಿಷ ಹತ್ತು ಸೆಕೆಂಡ್‌ಗೆ ಓಡಿದ್ದೆ. ಪರೀಕ್ಷೆಯ ದಿನ ಮೂರನೇ ಸುತ್ತಿಗೆ ಬರುವಷ್ಟರಲ್ಲಿ ಬಲಗಾಲು ಊರಿದಾಗಲೆಲ್ಲ ಮೊಣಕಾಲಿನ ಕೆಳಗೆ ಯಾರೋ ಸುತ್ತಿಗೆಯಲ್ಲಿ ಹೊಡೆದ ಹಾಗೆ ಆಗುತ್ತಿತ್ತು. ಕುಂಟುತ್ತಲೇ ಮುಗಿಸಿದೆ. 6 ನಿಮಿಷ 52 ಸೆಕೆಂಡ್.

ಮನೆಗೆ ಬಂದು ಅವ್ವನಿಗೆ 'ಬಿಸಿಲು ಜಾಸ್ತಿ ಇತ್ತು ಕಣವ್ವ' ಅಂದೆ. ನಿಜವಾದ ವಿಷಯ ಏನೆಂದರೆ ಆ ನೋವು ಅವತ್ತಿನದ್ದಾಗಿರಲಿಲ್ಲ. ಅದಕ್ಕೆ ಮೂರು ವಾರ ವಯಸ್ಸಾಗಿತ್ತು.

ಲಿಖಿತ ಪರೀಕ್ಷೆಯ ಫಲಿತಾಂಶ ಬಂದಾಗ ಕೈಯಲ್ಲಿ ಹೆಚ್ಚು ದಿನ ಇರಲಿಲ್ಲ. ವರ್ಷವಿಡೀ ಜಿ.ಕೆ. ಪುಸ್ತಕ ಹಿಡಿದು ಕೂತಿದ್ದವನು ಮಾರನೆಯ ಬೆಳಿಗ್ಗೆಯಿಂದಲೇ ಡಾಂಬರು ರಸ್ತೆಗೆ ಇಳಿದೆ. ವಾರಕ್ಕೆ ಆರು ದಿನ, ಅಡಿ ಸವೆದ ಕ್ಯಾನ್ವಾಸ್ ಶೂ, ದಿನವೂ ಪೂರ್ತಿ ವೇಗ. ಎಂಟೇ ದಿನಕ್ಕೆ ಕಾಲು ಹಿಡಿದುಕೊಂಡಿತು. ಅಜ್ಜಿ ಅರಿಶಿನ ಉಪ್ಪು ಕಲಸಿ ಬಿಸಿ ಮಾಡಿ ಪಟ್ಟು ಹಾಕಿದರು. ಎಣ್ಣೆ ಕಾಯಿಸಿ ನೀವಿದರು. ಪಕ್ಕದ ಮನೆಯ ಅಣ್ಣ ಹುಟ್ಟುವಾಗ ಕಾಲು ಮುಂದಾಗಿ ಹುಟ್ಟಿದವನಂತೆ. ಅಂಥವರು ಒದ್ದರೆ ಹಿಡಿದದ್ದು ಬಿಡುತ್ತದೆ ಎಂದು ನಮ್ಮ ಕಡೆ ನಂಬಿಕೆ. ಅವನು ಉತ್ಸಾಹದಿಂದಲೇ ಬಂದಿದ್ದ. 'ಅದು ಸೊಂಟಕ್ಕೆ ಕಣ್ಲಾ, ಕಾಲಿಗಲ್ಲ' ಎಂದು ಅಜ್ಜಿ ತಡೆದಿದ್ದರಿಂದ ಬಚಾವಾದೆ. ಕೊನೆಗೆ ಮೆಡಿಕಲ್ ಶಾಪಿನಲ್ಲಿ 'ನೋವಿಗೊಂದು ಕೊಡಣ್ಣ' ಎಂದು ಮಾತ್ರೆ ತಂದು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಿ ಓಡಲು ಶುರು ಮಾಡಿದೆ. ನೋವು ಗೊತ್ತಾಗುತ್ತಿರಲಿಲ್ಲ. ವಾಸಿಯಾಯಿತು ಎಂದುಕೊಂಡೆ.

ಇದನ್ನೆಲ್ಲ ಈಗ ಬರೆಯಲು ಕಾರಣ, ನಮ್ಮಂಥ ಉದ್ಯೋಗಾಕಾಂಕ್ಷಿಗಳು ಓಡುವ ಮೈದಾನಗಳಲ್ಲಿ ಈ ಕಥೆ ನನ್ನೊಬ್ಬನದೇ ಅಲ್ಲ ಎಂಬುದು ಗೊತ್ತಾಗಿದೆ. ಅದಕ್ಕಿಂತ ಹೆಚ್ಚಾಗಿ, ಈ ವರ್ಷ ಅದೇ ತಪ್ಪನ್ನು ಬೇರೊಬ್ಬ ನನ್ನ ಕಣ್ಣೆದುರೇ ಮಾಡುತ್ತಿದ್ದ.

ಹತ್ತು ಕಿಲೋಮೀಟರ್ ಯಾಕೆ?

ಆ ಫೇಲಿನ ನಂತರ ಮೈಸೂರಿಗೆ ಬಂದೆ. ಹಗಲು ಲೈಬ್ರರಿ, ಸಂಜೆ ಮನೆ ಮನೆಗೆ ಪಾರ್ಸೆಲ್ ಹಂಚುವ ಕೆಲಸ, ರಾತ್ರಿ ರೂಮ್‌ಮೇಟ್ ಜೊತೆ ಅನ್ನ ಸಾರು. ಓಟ ಅಂದರೆ ಸಾಕು, ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ವಯೋಮಿತಿ ಲೆಕ್ಕ ಹಾಕಿದರೆ ಇನ್ನೊಂದೇ ಅವಕಾಶ. ಒಮ್ಮೆ ಹಳೇ ಕಾಲೇಜಿಗೆ ಟಿ.ಸಿ. ತರಲು ಹೋದಾಗ ಪಿ.ಡಿ. ಸರ್ ಸಿಕ್ಕರು. ವಿಷಯ ಕೇಳಿ, 'ಯಾರೂ ನಿನ್ನನ್ನ ಫೇಲ್ ಮಾಡದ ಓಟ ಒಂದನ್ನ ಮೊದಲು ಓಡಯ್ಯ. ಆಮೇಲೆ ಆ ನಾಲ್ಕು ಸುತ್ತು' ಅಂದರು. ಬೆಂಗಳೂರಿನಲ್ಲಿ 2008ರಿಂದ ವಿಶ್ವ 10ಕೆ ಓಟ ನಡೆಯುತ್ತಿದೆಯಲ್ಲ, ಮುಂದೆ ವಿದೇಶದ ಘಟಾನುಘಟಿಗಳು, ಹಿಂದೆ ನಮ್ಮಂಥ ಸಾವಿರಾರು ಸಾಮಾನ್ಯರು. ಅದಕ್ಕೆ ನಾನೂ ರೂಮ್‌ಮೇಟೂ ಹೆಸರು ಕೊಟ್ಟೆವು. ಏಪ್ರಿಲ್‌ನಲ್ಲಿ ಓಟ, ಜನವರಿಯಲ್ಲಿ ತಯಾರಿ ಶುರು. ಅವನೂ ಪೊಲೀಸ್ ಕನಸಿನವನೇ. ನನಗಿಂತ ನಾಲ್ಕು ವರ್ಷ ಚಿಕ್ಕವನು, ನನಗಿಂತ ವೇಗದವನು.

ಜನವರಿಯ ಕುಕ್ಕರಹಳ್ಳಿ ಕೆರೆ ಏರಿ ಹೇಗಿರುತ್ತದೆ ಎಂದು ಮೈಸೂರಿನವರಿಗೆ ಹೇಳಬೇಕಿಲ್ಲ. ಮಂಜು, ಹಕ್ಕಿಗಳ ಗಲಾಟೆ, ಸ್ವೆಟರ್ ಹಾಕಿ ವಾಕಿಂಗ್ ಬರುವ ಹಿರಿಯರು, ಕಾಲಿಗೆ ಮೆತ್ತಗಿರುವ ಮಣ್ಣಿನ ದಾರಿ. ಮೊದಲ ತಿಂಗಳು ಬಂದದ್ದೆಲ್ಲ ಚಿಲ್ಲರೆ ಪೆಟ್ಟುಗಳು. ಹತ್ತಿಯ ಸಾಕ್ಸ್ ಬೆವರು ಹೀರಿ ಒದ್ದೆಯಾಗಿ ಹಿಮ್ಮಡಿಯಲ್ಲಿ ನೀರ್ಗುಳ್ಳೆ ಎದ್ದಿತು. ಮೇಲಿನ ಚರ್ಮವೇ ಅದಕ್ಕೆ ಬ್ಯಾಂಡೇಜು, ಅದನ್ನು ಕಿತ್ತರೆ ಕೆಟ್ಟಿರಿ ಎಂಬುದು ಕಿತ್ತ ಮೇಲೆ ತಿಳಿಯಿತು. ಆಮೇಲೆ ಬೇಗ ಒಣಗುವ ಸಿಂಥೆಟಿಕ್ ಸಾಕ್ಸ್, ಉಜ್ಜುವ ಜಾಗಕ್ಕೆ ಸ್ವಲ್ಪ ವ್ಯಾಸಲೀನ್, ಅಲ್ಲಿಗೆ ಆ ಕಥೆ ಮುಗಿಯಿತು. ರೂಮ್‌ಮೇಟ್‌ನ ಹೆಬ್ಬೆರಳ ಉಗುರು ಕಪ್ಪಾಯಿತು. ಶೂ ಕಾಲಿಗೆ ಬಿಗಿ, ಇಳಿಜಾರಿನಲ್ಲಿ ಬೆರಳು ಹೋಗಿ ಮುಂದಕ್ಕೆ ಗುದ್ದುತ್ತಿತ್ತು. ಓಡುವಾಗ ಪಾದ ಸ್ವಲ್ಪ ಊದುವುದರಿಂದ ಬೆರಳ ಮುಂದೆ ಒಂದಿಷ್ಟು ಜಾಗ ಇರಬೇಕಂತೆ. ಶೂ ಕೊಳ್ಳುವಾಗ ಅಂಗಡಿಯವನು ಇದನ್ನು ಹೇಳುವುದಿಲ್ಲ, 'ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಸಾರ್' ಅನ್ನುತ್ತಾನೆ. ಮೊದಲ ಸಲ ದೂರ ಓಡಿದ ಮರುದಿನಕ್ಕಿಂತ ಅದರ ಮರುದಿನ ತೊಡೆ ಹೆಚ್ಚು ನೋಯುತ್ತದೆ. ಅದು ಸಹಜ, ಎರಡು ಮೂರು ದಿನಕ್ಕೆ ತಾನೇ ಇಳಿಯುತ್ತದೆ.

ಇಷ್ಟರಲ್ಲಿ ನಾವು ಬೀಗಿದೆವು. ಡೈರಿಯಲ್ಲಿ ಬರೆದಿಟ್ಟ ಲೆಕ್ಕ ಈಗಲೂ ಇದೆ. ಮೊದಲ ವಾರ 12 ಕಿ.ಮೀ., ಎರಡನೆಯದು 16, ಮೂರನೆಯದು 20, ನಾಲ್ಕನೆಯದು 33. ಆ 33 ಹೇಗೆ ಬಂತೆಂದರೆ, ಒಂದು ಭಾನುವಾರ ಚಾಮುಂಡಿ ಬೆಟ್ಟಕ್ಕೆ ಮೆಟ್ಟಿಲು ಹತ್ತಿ, ಡಾಂಬರು ರಸ್ತೆಯಲ್ಲಿ ಓಡಿಕೊಂಡೇ ಇಳಿದೆವು. ಹತ್ತುವುದು ಉಸಿರಿಗೆ ಕಷ್ಟ, ಇಳಿಯುವುದು ಕಾಲಿಗೆ ಕಷ್ಟ ಎಂಬುದು ಗೊತ್ತಿರಲಿಲ್ಲ. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ಕಾಲು ಬ್ರೇಕ್ ಹಾಕುತ್ತಿರುತ್ತದೆ. ಓಡುವಾಗ ಸಮತಟ್ಟು ನೆಲದಲ್ಲೇ ಒಂದೊಂದು ಹೆಜ್ಜೆಗೆ ದೇಹದ ತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ಬುಧವಾರ ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಟ್ಟೆ. ಅದೇ ನೋವು. ಅದೇ ಬಲಗಾಲು. ಹಾಸಿಗೆ ಮೇಲೆ ಹಾಗೇ ಕೂತೆ. ಆ ಟ್ರ್ಯಾಕ್, ಆ ಮೂರನೇ ಸುತ್ತು, ವಾಚು ಹಿಡಿದು ನಿಂತಿದ್ದ ಅಧಿಕಾರಿ, ಎಲ್ಲ ಕಣ್ಣ ಮುಂದೆ ಬಂತು.

ಹೆಬ್ಬೆರಳಿನ ಪರೀಕ್ಷೆ

ಈ ಸಲ ಮೆಡಿಕಲ್ ಶಾಪಿಗೆ ಹೋಗಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಓಪಿಡಿ ಚೀಟಿ ಮಾಡಿಸಿ, ಮೂಳೆ ಡಾಕ್ಟರ ಬಳಿಯಿಂದ ಫಿಸಿಯೋಥೆರಪಿ ವಿಭಾಗಕ್ಕೆ ಹೋದೆ. ಅರ್ಧ ದಿನ ಹೋಯಿತು, ಆದರೆ ಜೇಬಿನಿಂದ ಹೋದದ್ದು ಒಂದು ಟೀ ದುಡ್ಡು. ಅಲ್ಲಿದ್ದ ಮೇಡಂ ನನ್ನ ಕಾಲನ್ನು ಸ್ಟೂಲ್ ಮೇಲಿಟ್ಟು, ಮೂಳೆಯ ಒಳಅಂಚಿನ ಗುಂಟ ಹೆಬ್ಬೆರಳು ಒತ್ತುತ್ತಾ ಕೆಳಗಿನವರೆಗೆ ಬಂದರು. 'ಎಲ್ಲಿ ನೋವು? ಒಂದು ಗೇಣು ಉದ್ದಕ್ಕಾ, ಇಲ್ಲಾ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಾ?' ಎಂದು ಕೇಳಿದರು.

ನನ್ನದು ಒಂದು ಗೇಣು. 'ಒಳ್ಳೇದು' ಅಂದರು. ನೋವಿಗೆ ಒಳ್ಳೇದು ಅಂದವರನ್ನು ಮೊದಲ ಸಲ ನೋಡಿದೆ. ಒಂಟಿ ಕಾಲಲ್ಲಿ ಕುಪ್ಪಳಿಸಿ ಅಂದರು, ಕುಪ್ಪಳಿಸಿದೆ. ರಾತ್ರಿ ಮಲಗಿದಾಗ ನೋವಿರುತ್ತಾ ಅಂದರು, ಇಲ್ಲ ಅಂದೆ. ಇದಕ್ಕೆ ಶಿನ್ ಸ್ಪ್ಲಿಂಟ್ ಅನ್ನುತ್ತಾರಂತೆ. ಹೊಸದಾಗಿ ಓಡುವವರಿಗೆ, ಇದ್ದಕ್ಕಿದ್ದಂತೆ ದೂರ ಹೆಚ್ಚಿಸಿದವರಿಗೆ ಬರುವುದೇ ಹೆಚ್ಚು. ನೋವು ಉದ್ದಕ್ಕೆ ಹರಡಿಕೊಂಡಿದ್ದರೆ, ಓಡಲು ಶುರು ಮಾಡಿದಾಗ ಇದ್ದು ಮೈ ಬಿಸಿಯಾದ ಮೇಲೆ ಕಡಿಮೆಯಾದರೆ, ಇನ್ನೂ ಕೈಮೀರಿಲ್ಲ ಎಂದರ್ಥ. ಒಂದೇ ಬಿಂದುವಿನಲ್ಲಿ ನಿಂತ ನೋವು, ಓಡಿದಷ್ಟೂ ಏರುವ ನೋವು, ಕುಪ್ಪಳಿಸಿದರೆ ಜೀವ ಹೋಗುವ ನೋವು, ಸುಮ್ಮನೆ ಕೂತಾಗಲೂ ಮಲಗಿದಾಗಲೂ ಇರುವ ನೋವು ಇದ್ದರೆ ಮೂಳೆಯಲ್ಲೇ ಕೂದಲೆಳೆಯಂಥ ಬಿರುಕು ಶುರುವಾಗಿರಬಹುದು. ಅದೇ ಸ್ಟ್ರೆಸ್ ಫ್ರಾಕ್ಚರ್. ಹಳೆಯ ಸಲ ನನ್ನದು ಯಾವುದಿತ್ತು ಎಂದು ಕೇಳಿದೆ. 'ಆಗ ನೀವು ಬಂದಿದ್ರೆ ಹೇಳ್ತಿದ್ದೆ' ಅಂದರು.

ಮೂಳೆ ಅಂದರೆ ಕಬ್ಬಿಣದ ಸರಳಿನ ಹಾಗೆ ಇದ್ದಂತೆ ಇರುವುದು ಎಂದುಕೊಂಡಿದ್ದೆ. ಹಾಗಲ್ಲವಂತೆ. ಹೊಸ ಭಾರ ಬಿದ್ದಾಗ ದೇಹ ಹಳೇ ಮೂಳೆಯನ್ನು ಅಲ್ಲಲ್ಲಿ ಕೊರೆದು ತೆಗೆದು ಹೊಸದನ್ನು ಕಟ್ಟುತ್ತದೆ. ಕೊರೆಯುವುದು ಬೇಗ, ಕಟ್ಟುವುದು ನಿಧಾನ. ಪೈಪ್ ಹಾಕಲು ರಸ್ತೆ ಅಗೆದು ಬಿಟ್ಟ ಹಾಗೆ, ನಡುವೆ ಕೆಲವು ವಾರ ಮೂಳೆ ಮೊದಲಿಗಿಂತ ದುರ್ಬಲ. ಉಸಿರು, ಸ್ನಾಯು ಬೇಗ ಹೊಂದಿಕೊಳ್ಳುವುದರಿಂದ 'ನಾನು ರೆಡಿ' ಅನ್ನಿಸುವುದು ಸರಿಯಾಗಿ ಅದೇ ವಾರಗಳಲ್ಲಿ. ಆಮೇಲೆ ಓದಿ ತಿಳಿದದ್ದು, ಈ ಪೆಟ್ಟನ್ನು ಮೊದಲು ಬರೆದಿಟ್ಟವರು ಕ್ರೀಡಾ ವೈದ್ಯರಲ್ಲ. 1855ರಲ್ಲಿ ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹಾಪ್ಟ್, ಕವಾಯತು ಮಾಡಿ ಮಾಡಿ ಪಾದ ಊದಿಕೊಂಡ ಸೈನಿಕರಲ್ಲಿ ಇದನ್ನು ಗುರುತಿಸಿದ. ಆಗ ಎಕ್ಸ್‌ರೇ ಕೂಡ ಇರಲಿಲ್ಲ. ಭರ್ತಿಯಾಗಲು ಹೊರಟ ಹುಡುಗರ ಕಾಲು ಅವತ್ತಿನಿಂದ ಇವತ್ತಿನವರೆಗೂ ಒಂದೇ ಥರ ನೋಯುತ್ತಿದೆ.

ಮೇಡಂ ಎರಡು ವಾರ ಓಟ ಬೇಡ ಅಂದರು, ಆದರೆ ಮಲಗಬೇಡಿ ಅಂತಲೂ ಅಂದರು. ಸೈಕಲ್ ತುಳಿಯಬಹುದು. ದಿನವೂ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಹದಿನೈದರಂತೆ ಮೂರು ಸಲ. ಮೊಣಕಾಲು ನೇರ ಇಟ್ಟು ಒಮ್ಮೆ, ಸ್ವಲ್ಪ ಮಡಚಿ ಒಮ್ಮೆ. ಮೀನಖಂಡ ಗಟ್ಟಿಯಾದಷ್ಟೂ ಮೂಳೆಗೆ ಬೀಳುವ ಪೆಟ್ಟು ಹಂಚಿಹೋಗುತ್ತದೆ. ನೋವಿಗೆ ಹತ್ತರಲ್ಲಿ ಎಷ್ಟು ಮಾರ್ಕ್ಸ್ ಕೊಡುತ್ತೀರಿ ಎಂದು ದಿನವೂ ಬರೆದಿಡಿ, ಎರಡು ಮೂರರೊಳಗೆ ಇದ್ದು ಮರುದಿನ ಬೆಳಿಗ್ಗೆಗೆ ಇಳಿದಿದ್ದರೆ ಮುಂದುವರಿಯಿರಿ, ಬೆಳಿಗ್ಗೆ ಹೆಚ್ಚಾಗಿದ್ದರೆ ಹಿಂದಿನ ದಿನ ಮಾಡಿದ್ದು ಜಾಸ್ತಿಯಾಯಿತು ಎಂದರ್ಥ ಅಂದರು. ಮಾತ್ರೆ ನುಂಗಿ ಓಡುತ್ತಿದ್ದೆ ಎಂದಾಗ ಮಾತ್ರ ಸಿಟ್ಟಾದರು. ನೋವಿನ ಮಾತ್ರೆ ಬಿರುಕನ್ನು ಮುಚ್ಚುವುದಿಲ್ಲ, ಬರೀ ಸುದ್ದಿಯನ್ನು ಮುಚ್ಚುತ್ತದೆ. ಬೆವರಿ ನೀರು ಕಡಿಮೆಯಾದ ದೇಹದಲ್ಲಿ ಐಬುಪ್ರೊಫೆನ್ ಥರದ ಮಾತ್ರೆಗಳು ಕಿಡ್ನಿಗೂ ಭಾರ, ಖಾಲಿ ಹೊಟ್ಟೆಗಂತೂ ಕೇಳುವುದೇ ಬೇಡ.

ಐಸ್ ಇಡಲೇ ಎಂದು ಕೇಳಿದ್ದೆ. ನೋವು ಕಡಿಮೆ ಅನ್ನಿಸಿದರೆ ಹತ್ತು ನಿಮಿಷ ಬಟ್ಟೆ ಸುತ್ತಿ ಇಡಿ, ಅದರಿಂದ ಬೇಗ ವಾಸಿಯಾಗುತ್ತದೆ ಎಂದೇನೂ ಅಂದುಕೊಳ್ಳಬೇಡಿ ಅಂದರು. ವಿಶ್ರಾಂತಿ, ಐಸ್, ಬಿಗಿ ಪಟ್ಟಿ, ಕಾಲು ಎತ್ತರದಲ್ಲಿ ಇಡುವುದು ಎಂಬ ನಾಲ್ಕು ಸೂತ್ರವನ್ನು 1978ರಲ್ಲಿ ಜನಪ್ರಿಯ ಮಾಡಿದ ಅಮೆರಿಕದ ಡಾಕ್ಟರ್ ಗೇಬ್ ಮಿರ್ಕಿನ್ ಅವರೇ 2014ರಲ್ಲಿ, ಐಸ್ ಮತ್ತು ಪೂರ್ತಿ ವಿಶ್ರಾಂತಿ ವಾಸಿಯಾಗುವುದನ್ನು ನಿಧಾನ ಮಾಡಬಹುದು ಎಂದು ತಮ್ಮ ಮಾತನ್ನು ತಿದ್ದಿಕೊಂಡರು. ನಮ್ಮ ಅಜ್ಜಿ ತಮ್ಮ ಅರಿಶಿನದ ಪಟ್ಟಿನ ಬಗ್ಗೆ ಅಂಥ ತಿದ್ದುಪಡಿ ತರುವ ಲಕ್ಷಣ ಇಲ್ಲ.

ಓಟ ಬಿಟ್ಟ ಮೇಲೂ ಮೊದಲ ವಾರ ನೋವು ಇಳಿಯಲಿಲ್ಲ. ಡೈರಿ ನೋಡಿದಾಗ ಹೊಳೆಯಿತು. ಪಾರ್ಸೆಲ್ ಕೆಲಸದಲ್ಲಿ ಲಿಫ್ಟ್ ಇಲ್ಲದ ಮನೆಗಳ ಮೆಟ್ಟಿಲನ್ನು ನಾನು ಎರಡೆರಡು ದಾಟಿ ಜಿಗಿಯುತ್ತಾ ಇಳಿಯುತ್ತಿದ್ದೆ. ಓಡದಿದ್ದರೂ ಕಾಲಿಗೆ ರಜೆ ಸಿಕ್ಕಿರಲಿಲ್ಲ. ಒಂದೊಂದೇ ಮೆಟ್ಟಿಲು ಇಳಿದೆ, ಡೆಲಿವರಿ ಸಂಖ್ಯೆ ಕಡಿಮೆಯಾಯಿತು, ಆ ತಿಂಗಳ ದುಡ್ಡೂ ಕಡಿಮೆಯಾಯಿತು. ಎರಡನೇ ವಾರ ನೋವಿನ ಮಾರ್ಕ್ಸ್ ಆರರಿಂದ ಎರಡಕ್ಕೆ ಬಂತು. ಮೂರನೇ ವಾರ ನಾಲ್ಕು ನಿಮಿಷ ನಡಿಗೆ ಒಂದು ನಿಮಿಷ ಓಟ. ಕೆರೆ ಏರಿಯ ಹಿರಿಯರು ನನ್ನನ್ನು ದಾಟಿ ಹೋಗುತ್ತಾ 'ಯಾಕಪ್ಪಾ ಸುಸ್ತಾಯ್ತಾ?' ಎಂದು ಕೇಳುವರು. ನಿಧಾನಕ್ಕೆ ಓಟ ಹೆಚ್ಚಿತು, ನಡಿಗೆ ಕಡಿಮೆಯಾಯಿತು. ಹೆಜ್ಜೆ ಚಿಕ್ಕದು ಮಾಡಿ ಸಂಖ್ಯೆ ಹೆಚ್ಚಿಸಿಕೊಂಡೆ. ಕಾಲನ್ನು ಮುಂದೆ ಚಾಚಿ ಊರುವ ಬದಲು ದೇಹದ ಕೆಳಗೇ ಊರಿದರೆ ಪೆಟ್ಟು ಕಡಿಮೆ. ವಾರಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಡಿ ಎಂಬ ಮಾತು ಓಟಗಾರರಲ್ಲಿದೆ. ಅದು ಲೆಕ್ಕಶಾಸ್ತ್ರವೇನಲ್ಲ, ಅಂದಾಜು. ನಾನು ಮಾಡಿದ 20ರಿಂದ 33ರ ಜಿಗಿತದ ಮುಂದೆ ಆ ಅಂದಾಜು ಎಷ್ಟೋ ವಾಸಿ.

ಏಪ್ರಿಲ್ ಮೊದಲ ವಾರ. ರೂಮಿನಲ್ಲಿ ನಾನು ಅನ್ನಕ್ಕೆ ನೀರಿಡುತ್ತಿದ್ದೆ. ರೂಮ್‌ಮೇಟ್ ಹಾಸಿಗೆಯಲ್ಲಿ ಕೂತು ಎಡಗಾಲಿನ ಮೂಳೆಯ ಮೇಲೆ ಬೆರಳಿಟ್ಟು ಒತ್ತುತ್ತಿದ್ದ. ಒಂದೇ ಜಾಗದಲ್ಲಿ. ದಿಂಬಿನ ಪಕ್ಕ ನನಗೆ ಚೆನ್ನಾಗಿ ಪರಿಚಯವಿದ್ದ ಮಾತ್ರೆಯ ಹಾಳೆ.

'ಎಷ್ಟು ದಿನದಿಂದಲಾ?' ಅಂದೆ.

'ಏನೂ ಇಲ್ಲ ಬಿಡಣ್ಣ, ಸ್ವಲ್ಪ ಹಿಡ್ಕೊಂಡೈತೆ.'

'ಒಂಟಿ ಕಾಲಲ್ಲಿ ಎಗರು ನೋಡೋಣ.'

ಎಗರಲಿಲ್ಲ. ನಗಲೂ ಇಲ್ಲ. ಮಾರನೆಯ ದಿನ ಎಳೆದುಕೊಂಡೇ ಹೋದೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಅವನ ಮುಖ ಅರಳಿತು. 'ನೋಡಿದ್ಯಾ? ಏನೂ ಇಲ್ಲ ಅಂತ ಹೇಳ್ಲಿಲ್ವಾ? ನಿನ್ ಕಾಲು ಹೋಯ್ತು ಅಂತ ಎಲ್ರುದೂ ಹೋಗ್ಬೇಕಾ?' ಅಂದ. ಆ ಮಾತು ಚುಚ್ಚಿತು. ಅವನು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ, ನನ್ನ ಹೆದರಿಕೆಯನ್ನು ಅವನ ಕಾಲಿಗೆ ಕಟ್ಟುತ್ತಿದ್ದೇನೇನೋ ಎಂದು ನನಗೂ ಅನ್ನಿಸಿತು. ಆದರೆ ಡಾಕ್ಟರು ಬಿಡಲಿಲ್ಲ. ಇಂಥ ಬಿರುಕು ಮೊದಮೊದಲು ಎಕ್ಸ್‌ರೇಗೆ ಸಿಗುವುದೇ ಇಲ್ಲ, ಎರಡು ಮೂರು ವಾರದ ನಂತರ ಮೂಳೆ ಕೂಡಿಕೊಳ್ಳಲು ಶುರುವಾದಾಗ ಕಾಣಿಸುತ್ತದೆ, ಈಗಲೇ ಖಾತ್ರಿ ಬೇಕೆಂದರೆ ಎಂಆರ್‌ಐ ಮಾಡಿಸಿ ಅಂದರು. ಎರಡು ದಿನ ರೂಮಿನಲ್ಲಿ ನಾವು ಮಾತಾಡಲಿಲ್ಲ. ಮೂರನೇ ದಿನ ರಾತ್ರಿ ಒಂದು ಗಂಟೆಗೆ ಅವನೇ ಎಬ್ಬಿಸಿದ. 'ಮಲ್ಕೊಂಡ್ರೂ ನೋಯ್ತಾ ಐತೆ ಕಣಣ್ಣ.'

ಎಂಆರ್‌ಐಯಲ್ಲಿ ಬಿರುಕು ಇತ್ತು. ಊರುಗೋಲು, ಆರರಿಂದ ಎಂಟು ವಾರ ಓಟದ ಮಾತೇ ಇಲ್ಲ. ಇನ್ನೂ ಓಡಿದ್ದರೆ ಪೂರ್ತಿ ಮುರಿಯುವ ಸಾಧ್ಯತೆ ಇತ್ತೆಂದು ಡಾಕ್ಟರು ಹೇಳಿದಾಗ ಅವನು ಗೋಡೆ ನೋಡುತ್ತಿದ್ದ. ಸ್ಕ್ಯಾನಿಂಗ್ ದುಡ್ಡಿಗೆ ಅವನ ಅಕ್ಕ ಫೋನ್‌ಪೇ ಮಾಡಿದರು. ಮನೆಯಲ್ಲಿ ಅಪ್ಪನಿಗೆ ಹೇಳಬೇಡ ಎಂದು ಅವನು, ಹೇಳದೆ ಹೇಗೆ ಎಂದು ಅವರು.

ಓಟದ ದಿನ ಬೆಳಕು ಹರಿಯುವ ಮೊದಲೇ ಮಾಣೆಕ್ ಷಾ ಪರೇಡ್ ಮೈದಾನದ ಬಳಿ ಇದ್ದೆ. ಅವನೂ ಬಂದಿದ್ದ, ನನ್ನ ಬ್ಯಾಗು ಹೆಗಲಿಗೆ, ಊರುಗೋಲು ಕಂಕುಳಿಗೆ. ಅಷ್ಟು ಜನರನ್ನು ಒಟ್ಟಿಗೆ ಓಡುವುದನ್ನು ನಾನು ನೋಡಿರಲಿಲ್ಲ. ಸೀರೆ ಉಟ್ಟ ಹೆಂಗಸರು, ಬಿಳಿ ಮೀಸೆಯ ತಾತಂದಿರು, ಆಫೀಸಿನ ಟೀ ಶರ್ಟಿನ ಗುಂಪುಗಳು. 55 ನಿಮಿಷದಲ್ಲಿ ಮುಗಿಸಬೇಕೆಂದು ಜನವರಿಯಲ್ಲಿ ಗೋಡೆಗೆ ಬರೆದು ಅಂಟಿಸಿದ್ದೆ. ಏಳನೇ ಕಿಲೋಮೀಟರಿನ ಏರಿನಲ್ಲಿ ಬಲಗಾಲು ಪಿಸುಗುಟ್ಟಿತು. ಪಕ್ಕಕ್ಕೆ ಸರಿದು ನಿಂತು ಹೆಬ್ಬೆರಳು ಒತ್ತಿ ನೋಡಿದೆ. ಉದ್ದಕ್ಕೆ ಹರಡಿದ ಮಂದ ನೋವು, ಹತ್ತಕ್ಕೆ ಮೂರು. ಎರಡು ನಿಮಿಷ ನಡೆದೆ. ಇಳಿಜಾರು ಬಂದಾಗಲೂ ಬೇಕೆಂದೇ ಚಿಕ್ಕ ಹೆಜ್ಜೆ ಹಾಕಿದೆ. ನನ್ನ ಪಕ್ಕದಲ್ಲಿ ಅಜ್ಜನೊಬ್ಬ ಗುನುಗುತ್ತಾ ಮುಂದೆ ಹೋದ. 1 ಗಂಟೆ 1 ನಿಮಿಷ 40 ಸೆಕೆಂಡ್. ಯಾರೂ ಫೇಲ್ ಅನ್ನಲಿಲ್ಲ. ಮೆಡಲ್ ಕೊಟ್ಟರು. ರೂಮ್‌ಮೇಟ್ ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, 'ನಾನಾಗಿದ್ರೆ ಐವತ್ತಕ್ಕೆ ಬಂದಿರ್ತಿದ್ದೆ' ಅಂದ. ಬಂದಿರುತ್ತಿದ್ದ ಕೂಡ.

ಅವನೀಗ ಊರುಗೋಲು ಬಿಟ್ಟಿದ್ದಾನೆ. ಮೊನ್ನೆಯಿಂದ ಕೆರೆ ಏರಿಯಲ್ಲಿ ನಾಲ್ಕು ನಿಮಿಷ ನಡಿಗೆ, ಒಂದು ನಿಮಿಷ ಓಟ. ನಿಮಿಷ ಮುಗಿದ ಮೇಲೂ ಓಡುತ್ತಾನೇನೋ ಎಂದು ನಾನು ಫೋನು ಹಿಡಿದು ಹಿಂದೆಯೇ ಹೋಗುತ್ತೇನೆ. ಮುಂದಿನ ಅಧಿಸೂಚನೆಗಾಗಿ ಇಬ್ಬರೂ ಕಾಯುತ್ತಿದ್ದೇವೆ. ನಾನು ವಾರಕ್ಕೆ ನಾಲ್ಕೇ ದಿನ ಓಡುತ್ತೇನೆ, ಅದರಲ್ಲಿ ಒಂದೇ ದಿನ ವೇಗ. ಕಳೆದ ವಾರ 1600 ಮೀಟರ್ 6 ನಿಮಿಷ 24 ಸೆಕೆಂಡ್ ಆಯಿತು. ಮರುದಿನ ಬೆಳಿಗ್ಗೆ ನೋವು ಸೊನ್ನೆ.

ಆ ಮೆಡಲ್ ತೋರಿಸಲು ಊರಿಗೆ ಹೋದಾಗ ಅವ್ವನಿಗೆ ಎರಡು ವರ್ಷದ ಹಿಂದಿನ ನಿಜ ಹೇಳಿದೆ. ಬಿಸಿಲಲ್ಲ ಕಣವ್ವ, ಕಾಲು ಮೊದಲೇ ಹೋಗಿತ್ತು, ಮಾತ್ರೆ ನುಂಗಿ ಓಡಿದ್ದೆ ಅಂದೆ. ಅವ್ವ ರೊಟ್ಟಿ ತಟ್ಟುತ್ತಲೇ ಇದ್ದಳು.

'ಗೊತ್ತಿತ್ತು ಕಣಪ್ಪ. ಜಗಲಿ ಮೆಟ್ಲು ನೀನು ಪಕ್ಕಕ್ಕೆ ತಿರುಗಿ ಇಳೀತಿದ್ದೆ, ನಾನು ನೋಡಿರ್ನಿಲ್ವ? ಕೇಳುದ್ರೆ ಓಡೋದು ಬುಟ್‌ಬುಡ್ತೀಯೇನೋ ಅಂತ ನಾನೂ ಸುಮ್ಕಿದ್ದೆ.'